ಕೂದಲು ಉದುರುವುದೇಕೆ? ನೀರೊಂದೇ ಕಾರಣವಲ್ಲ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಹಲವು ಹಳ್ಳಿಗಳಲ್ಲಿ ಕೊಳವೆಬಾವಿಯ ನೀರು ಗಡಸು, ಕೆಲವೆಡೆ ಸವಳು. ಡೋಣಿ ನದಿಯ ನೀರಿನ ಉಪ್ಪಂತೂ ಎಲ್ಲರಿಗೂ ಗೊತ್ತಿರುವ ಸಂಗತಿ. ಹೀಗಾಗಿ ತಲೆಗೂದಲು ಉದುರತೊಡಗಿದರೆ ಮೊದಲ ಆಪಾದನೆ ನೀರಿನ ಮೇಲೆ ಬರುವುದು ಸಹಜ. ನೀರು, ಎಣ್ಣೆ, ಶಾಂಪೂಗಳನ್ನು ಬದಲಿಸುವುದರಲ್ಲೇ ತಿಂಗಳುಗಳು ಕಳೆಯುತ್ತವೆ. ಆದರೆ ನಿಜವಾದ ಕಾರಣ ರಕ್ತಹೀನತೆಯೋ ಶಿಲೀಂಧ್ರ ಸೋಂಕೋ ಆಗಿದ್ದರೆ ಈ ವಿಳಂಬದಿಂದ ನಷ್ಟವೇ ಹೆಚ್ಚು.

ಕೂದಲಿನ ಜೀವನಚಕ್ರ

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿವೆ. ಪ್ರತಿಯೊಂದೂ ಚರ್ಮದೊಳಗಿನ ರೋಮಕೂಪದಿಂದ ಹುಟ್ಟಿ, ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ಬೆಳವಣಿಗೆಯ ಹಂತ 2ರಿಂದ 6 ವರ್ಷಗಳದು. ಅನಂತರ 2-3 ವಾರಗಳ ಪರಿವರ್ತನೆಯ ಹಂತ, ಬಳಿಕ ಸುಮಾರು 3 ತಿಂಗಳ ವಿಶ್ರಾಂತಿ. ವಿಶ್ರಾಂತಿ ಮುಗಿದ ಕೂದಲು ಉದುರಿ ಅದೇ ಕೂಪದಿಂದ ಹೊಸದು ಮೂಡುತ್ತದೆ. ಆದ್ದರಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ರೋಗವಲ್ಲ.

ಗಡಸು ನೀರು ಮಾಡುವುದೇನು?

ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಯಾನುಗಳು ಸಾಬೂನಿನೊಡನೆ ಸೇರಿ ಕರಗದ ಗಸಿಯಾಗುತ್ತವೆ. ಇದು ಕೂದಲಿಗೆ ಅಂಟಿ, ಕೂದಲು ಒರಟಾಗಿ ಸಿಕ್ಕುಗಟ್ಟಿ, ಬಾಚುವಾಗ ತುಂಡಾಗಬಹುದು. ಆದರೆ ಅದು ರೋಮಕೂಪವನ್ನೇ ಕೆಡಿಸಿ ಬೋಳು ತರುತ್ತದೆಂಬುದಕ್ಕೆ ದೃಢವಾದ ಪುರಾವೆ ಇಲ್ಲ.

ಇದನ್ನು ತರಗತಿಯಲ್ಲೇ ಪರೀಕ್ಷಿಸಬಹುದು. ಬಾಚಣಿಗೆಯಲ್ಲಿ ಸಿಕ್ಕ ಕೂದಲುಗಳನ್ನು ಕಪ್ಪು ಕಾಗದದ ಮೇಲಿಟ್ಟು ಭೂತಗನ್ನಡಿಯಿಂದ ನೋಡಿ. ಒಂದು ತುದಿಯಲ್ಲಿ ಬಿಳಿಯ ಪುಟ್ಟ ಗಡ್ಡೆ ಇದ್ದರೆ ಅದು ವಿಶ್ರಾಂತಿ ಮುಗಿಸಿ ಬುಡದಿಂದ ಉದುರಿದ ಕೂದಲು. ಎರಡೂ ತುದಿಗಳಲ್ಲಿ ಗಡ್ಡೆ ಇಲ್ಲದಿದ್ದರೆ ನಡುವೆ ತುಂಡಾದದ್ದು. ಮೊದಲನೆಯದಕ್ಕೆ ಕಾರಣವನ್ನು ದೇಹದೊಳಗೆ ಹುಡುಕಬೇಕು. ಎರಡನೆಯದಕ್ಕೆ ನೀರು, ಸಾಬೂನು, ಬಾಚುವ ಕ್ರಮಗಳಲ್ಲಿ.

ಉದುರುವಿಕೆಯ ಮುಖ್ಯ ಬಗೆಗಳು

1. ತಲೆಯಿಡೀ ಉದುರುವುದು: ಟೈಫಾಯಿಡ್, ಡೆಂಗೆ, ಕೋವಿಡ್‌ನಂಥ ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ ಅಥವಾ ಉಪವಾಸದಿಂದ ತೂಕ ಇಳಿದಾಗ ಅನೇಕ ಕೂದಲುಗಳು ಒಮ್ಮೆಲೇ ವಿಶ್ರಾಂತಿಗೆ ಸರಿಯುತ್ತವೆ. ಅವು ಉದುರುವುದು 2-3 ತಿಂಗಳ ನಂತರ. ಅಷ್ಟರಲ್ಲಿ ಜ್ವರ ಮರೆತುಹೋಗಿ, ತಪ್ಪು ನೀರಿನದಾಗುತ್ತದೆ! ಸಾಮಾನ್ಯವಾಗಿ ಇದು ಕೆಲವು ತಿಂಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಕಬ್ಬಿಣಾಂಶದ ಕೊರತೆ ಮತ್ತು ಥೈರಾಯಿಡ್ ದೋಷದಿಂದಲೂ ಹೀಗಾಗಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15-49 ವಯಸ್ಸಿನ ಮಹಿಳೆಯರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ.

2. ಆನುವಂಶಿಕ ಬೋಳು: ಟೆಸ್ಟೊಸ್ಟಿರೋನ್ ಹಾರ್ಮೋನು 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವದಿಂದ ಡೈಹೈಡ್ರೊಟೆಸ್ಟೊಸ್ಟಿರೋನ್ ಆಗಿ ಬದಲಾಗುತ್ತದೆ. ಆನುವಂಶಿಕ ಒಲವುಳ್ಳವರಲ್ಲಿ ಇದು ಹಣೆ ಮತ್ತು ನೆತ್ತಿಯ ಕೂಪಗಳನ್ನು ಕ್ರಮೇಣ ಕುಗ್ಗಿಸುತ್ತದೆ. ಈ ಗುಣ ತಂದೆ, ತಾಯಿ ಎರಡೂ ಕಡೆಯಿಂದ ಬರಬಹುದು.

3. ದುಂಡು ಬೋಳು: ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ರೋಮಕೂಪಗಳ ಮೇಲೆ ದಾಳಿ ಮಾಡಿದಾಗ ನಾಣ್ಯದಗಲದ ನುಣುಪಾದ ಬೋಳು ಕಾಣಿಸುತ್ತದೆ. ಇದು ಅಂಟುರೋಗವಲ್ಲ.

4. ತಲೆಯ ಹುಳುಕಡ್ಡಿ: ಮಕ್ಕಳಲ್ಲಿ ಹೆಚ್ಚು. ತುರಿಕೆ, ಹೊಟ್ಟು, ಮುರಿದ ಕೂದಲು ಇದರ ಗುರುತು. ಬಾಚಣಿಗೆ, ಟೊಪ್ಪಿಗೆಗಳ ಮೂಲಕ ಹರಡುವ ಶಿಲೀಂಧ್ರ ಸೋಂಕಿದು. ಹಚ್ಚುವ ಮುಲಾಮು ಸಾಲದು, ನುಂಗುವ ಔಷಧಿಯೇ ಬೇಕು. ಕೀವು ತುಂಬುವವರೆಗೆ ಬಿಟ್ಟರೆ ಕೂಪ ನಾಶವಾಗಿ ಬೋಳು ಶಾಶ್ವತವಾಗಬಹುದು.

ಬುಲ್ಢಾಣಾದ ಪಾಠ

ನೆರೆಯ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಶೇಗಾಂವ್ ತಾಲ್ಲೂಕಿನಲ್ಲಿ 2024ರ ಕೊನೆ ಮತ್ತು 2025ರ ಆರಂಭದಲ್ಲಿ ಹಲವು ಹಳ್ಳಿಗಳ ಜನರ ಕೂದಲು ಕೆಲವೇ ದಿನಗಳಲ್ಲಿ ಉದುರಿತು. ಅಲ್ಲಿಯೂ ಮೊದಲು ಸಂಶಯ ಹೋದದ್ದು ನೀರಿನ ಮೇಲೆ. ಚೇಳು ಕಡಿತದ ಚಿಕಿತ್ಸೆಗೆ ಹೆಸರಾದ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ರೋಗಿಗಳ ರಕ್ತ, ಮೂತ್ರ, ಕೂದಲುಗಳಲ್ಲೂ ಅವರು ಉಣ್ಣುತ್ತಿದ್ದ ಗೋಧಿಯಲ್ಲೂ ಸೆಲೆನಿಯಂ ಅಧಿಕವಾಗಿದೆಯೆಂದು ವರದಿ ಮಾಡಿದರು. ಅತ್ಯಲ್ಪ ಪ್ರಮಾಣದಲ್ಲಿ ದೇಹಕ್ಕೆ ಬೇಕಾದ ಈ ಮೂಲವಸ್ತು ಮಿತಿಮೀರಿದರೆ ಕೂದಲು, ಉಗುರುಗಳಿಗೆ ವಿಷ. ಕಾರಣವನ್ನು ಊಹಿಸಬಾರದು, ಪರೀಕ್ಷಿಸಿಯೇ ತಿಳಿಯಬೇಕು ಎಂಬುದಕ್ಕೆ ಇದು ನಿದರ್ಶನ.

ಇಂದಿನ ಚಿಕಿತ್ಸೆಗಳು

ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ನುಂಗಿದವರ ಮೈಮೇಲೆ ಕೂದಲು ಹೆಚ್ಚಿದ್ದು ಗಮನಕ್ಕೆ ಬಂದು, ಹಚ್ಚುವ ದ್ರಾವಣವಾಗಿ 1988ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಗುಣ ಕಾಣಲು 4ರಿಂದ 6 ತಿಂಗಳು ಬೇಕು. ಮೊದಲ ವಾರಗಳಲ್ಲಿ ಉದುರುವಿಕೆ ಹೆಚ್ಚಿದಂತೆ ತೋರಬಹುದು. 1997ರಲ್ಲಿ ಪುರುಷರ ಬೋಳಿಗೆ ಅನುಮತಿ ಪಡೆದ ಫಿನಾಸ್ಟರೈಡ್ ಮೇಲೆ ಹೇಳಿದ ಕಿಣ್ವವನ್ನೇ ತಡೆಯುತ್ತದೆ. ಕೆಲವರಲ್ಲಿ ಲೈಂಗಿಕ ತೊಂದರೆಗಳುಂಟಾಗುವುದರಿಂದ ವೈದ್ಯರ ಸಲಹೆಯಿಲ್ಲದೆ ನುಂಗಬಾರದು. ಗರ್ಭಿಣಿಯರು ಪುಡಿಯಾದ ಮಾತ್ರೆಯನ್ನು ಮುಟ್ಟಲೂ ಬಾರದು. ಆನುವಂಶಿಕ ಬೋಳಿನಲ್ಲಿ ಈ ಎರಡೂ ಔಷಧಿಗಳನ್ನು ನಿಲ್ಲಿಸಿದರೆ ಗಳಿಸಿದ ಕೂದಲು ಮತ್ತೆ ಹೋಗುತ್ತದೆ.

ದುಂಡು ಬೋಳಿಗೆ ಸ್ಟಿರಾಯಿಡ್ ಚುಚ್ಚುಮದ್ದು ರೂಢಿಯಲ್ಲಿದೆ. ತೀವ್ರ ರೂಪಕ್ಕೆ 2022ರಲ್ಲಿ ಅಮೆರಿಕದಲ್ಲಿ ಬ್ಯಾರಿಸಿಟಿನಿಬ್ ಮಾತ್ರೆಗೆ ಅನುಮತಿ ದೊರೆಯಿತು.

ಕೂದಲು ಕಸಿಯಲ್ಲಿ ಹಿಂದಲೆಯ ಗಟ್ಟಿ ಕೂಪಗಳನ್ನು ತೆಗೆದು ಬೋಳಾದಲ್ಲಿ ನೆಡುತ್ತಾರೆ. ಸಸಿ ಕಿತ್ತು ನಾಟಿ ಮಾಡಿದಂತೆ. ಒಟ್ಟು ಕೂದಲಿನ ಸಂಖ್ಯೆ ಹೆಚ್ಚುವುದಿಲ್ಲ. ಇದೊಂದು ಶಸ್ತ್ರಚಿಕಿತ್ಸೆ. ತರಬೇತಿ ಪಡೆದ ನೋಂದಾಯಿತ ವೈದ್ಯರಿಂದಲೇ ಮಾಡಿಸಿಕೊಳ್ಳಬೇಕು.

ನಿಂಬೆ ತಲೆಗೋ, ತಟ್ಟೆಗೋ?

2023ರಲ್ಲಿ ಭೌಗೋಳಿಕ ಗುರುತು ಪಡೆದ ಇಂಡಿ ನಿಂಬೆಯನ್ನು ತಲೆಗೆ ತಿಕ್ಕುವವರುಂಟು. ನೀರು ಬೆರೆಸಿದ ನಿಂಬೆರಸದ ಆಮ್ಲ ಸಾಬೂನಿನ ಗಸಿಯನ್ನು ತೆಗೆದೀತು, ಕೂದಲನ್ನು ಬೆಳೆಸದು. ರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಲೂಬಹುದು. ಅದೇ ರಸವನ್ನು ಊಟದಲ್ಲಿ ಹಿಂಡಿಕೊಂಡರೆ ಲಾಭ ಹೆಚ್ಚು. ಜೋಳದಲ್ಲಿರುವ ಫೈಟೇಟ್ ಕಬ್ಬಿಣವನ್ನು ದೇಹ ಹೀರದಂತೆ ತಡೆಯುತ್ತದೆ. ನಿಂಬೆಯ ಸಿ ಜೀವಸತ್ವ ಆ ತಡೆಯನ್ನು ತಗ್ಗಿಸುತ್ತದೆ. ರೊಟ್ಟಿ, ಬೇಳೆ, ಸೊಪ್ಪಿನ ಪಲ್ಯದ ಜೊತೆ ನಿಂಬೆ ಇರಲಿ. ಊಟದ ಬೆನ್ನಿಗೇ ಚಹಾ ಬೇಡ.

ಉದುರುವಿಕೆ ಮೂರು ತಿಂಗಳು ಮೀರಿದರೆ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಹಿಮೊಗ್ಲೋಬಿನ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮಗುವಿನ ತಲೆಯಲ್ಲಿ ಹೊಟ್ಟಿನ ಮಚ್ಚೆ ಕಂಡರೆ ಕಾಯಬಾರದು. ವಿಜಯಪುರದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ತಜ್ಞರು ದೊರೆಯುತ್ತಾರೆ. ಇಂಥ ಮಗುವನ್ನು ಮೊದಲು ಗುರುತಿಸಬಲ್ಲವರು ಶಿಕ್ಷಕರು. ಮಗುವನ್ನು ಇತರರ ಮುಂದೆ ನಾಚಿಸದೆ, ಪಾಲಕರಿಗೆ ತಿಳಿಹೇಳಿ ಆಸ್ಪತ್ರೆಗೆ ಕಳುಹಿಸಿದರೆ ಮುಂದೆ ಆಗಬಹುದಾದ ಶಾಶ್ವತ ಬೋಳನ್ನು ತಪ್ಪಿಸಬಹುದು.