ದ್ರಾಕ್ಷಿಯ ಕಣ್ಣು, ಡಿಸೆಂಬರಿನ ಚಳಿ ಮತ್ತು ಉದ್ರಿಯ ವಾಯಿದೆ

ಹಿಮಾಚಲದ ಸೇಬಿನ ಗಿಡವು ಚಳಿಗಾಲವಿಡೀ ನಿದ್ರಿಸಿ, ಸಾಕಷ್ಟು ಶೀತವನ್ನು ಉಂಡ ಬಳಿಕ ವಸಂತದ ಬಿಸಿಲಿಗೆ ಮೊಗ್ಗೊಡೆಯುತ್ತದೆ. ಅಥಣಿ, ಕಾಗವಾಡ ತಾಲ್ಲೂಕುಗಳ ದ್ರಾಕ್ಷಿಬಳ್ಳಿಗೆ ಅಂತಹ ದೀರ್ಘನಿದ್ರೆಯಿಲ್ಲ. ಏಪ್ರಿಲ್ ಚಾಟಣಿ ಕಡ್ಡಿಗಾಗಿ, ಅಕ್ಟೋಬರ್ ಚಾಟಣಿ ಫಲಕ್ಕಾಗಿ; ಬಳ್ಳಿಯನ್ನು ಎಬ್ಬಿಸುವುದು ಕತ್ತರಿ. ಎದ್ದ ಬಳ್ಳಿಯ ನಡಿಗೆಯನ್ನು ಮಾತ್ರ ಉಷ್ಣತೆಯೇ ನಿರ್ಧರಿಸುತ್ತದೆ. ಚಿಕ್ಕೋಡಿ, ರಾಯಬಾಗಗಳ ಕಬ್ಬು ಹಾಗೂ ನಿಪ್ಪಾಣಿಯ ತಂಬಾಕಿನಲ್ಲಿ ಬಂಡವಾಳ ತೊಡಗಿಸಿದವರಿಗೆ ಈ ಲೆಕ್ಕ ಅಷ್ಟಾಗಿ ಪರಿಚಿತವಲ್ಲ. ಒಣದ್ರಾಕ್ಷಿ ವರ್ತಕರಿಗೆ ಅದು ಅನಿವಾರ್ಯ.

ಸರಾಸರಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಎಷ್ಟು ಹೆಚ್ಚಿದೆಯೋ ಅಷ್ಟು ಅಂಶ ಬಳ್ಳಿಯ ಖಾತೆಗೆ ಜಮೆಯಾಗುತ್ತದೆ ಎಂಬುದು ತೋಟಗಾರಿಕೆಯ ರೂಢಿಯ ಲೆಕ್ಕ. ಹಗಲು 30, ರಾತ್ರಿ 18 ಡಿಗ್ರಿ ಇದ್ದರೆ ಸರಾಸರಿ 24; ಅಂದಿನ ಜಮೆ 14. ಹಗಲು 28, ರಾತ್ರಿ 10ಕ್ಕೆ ಇಳಿದರೆ ಜಮೆ 9 ಮಾತ್ರ. 10 ದಿನಗಳಲ್ಲಿ ಆಗಬೇಕಾದ 140 ಅಂಶಗಳ ಬೆಳವಣಿಗೆಗೆ ಆಗ 15 ದಿನಗಳಿಗೂ ಮಿಗಿಲಾಗಿ ಬೇಕು.

ಚಾಟಣಿಯ ನಂತರ ಹೈಡ್ರೋಜನ್ ಸೈನಮೈಡ್ ಹಚ್ಚುವುದು ಕಣ್ಣುಗಳು ಒಟ್ಟಿಗೆ ಒಡೆಯಲೆಂದು. ಹಿಂಗಾರು ಮಳೆಗೆ ಹೆದರಿ, ಡೌನಿ ರೋಗದ ಭಯದಿಂದ ಚಾಟಣಿಯನ್ನು ನವೆಂಬರಿಗೆ ಮುಂದೂಡಿದವರಿಗೆ ಚಳಿ ಎದುರಾಗುತ್ತದೆ. ಔಷಧದ ಪ್ರಮಾಣ ಏರಿಸಿದರೂ ಕಣ್ಣುಗಳು ತಡವಾಗಿ, ಏರುಪೇರಾಗಿ ಒಡೆಯುತ್ತವೆ. ಒಂದೇ ಬಳ್ಳಿಯಲ್ಲಿ ಎಳೆಯ ಗೊಂಚಲೂ ಮಾಗಿದ ಗೊಂಚಲೂ ಇದ್ದರೆ ಕೊಯ್ಲಿನ ಕೂಲಿ ಹೆಚ್ಚುತ್ತದೆ, ಮಾಲಿನ ದರ್ಜೆ ಇಳಿಯುತ್ತದೆ.

ನಿಜವಾದ ಅಪಾಯವಿರುವುದು ಋತುವಿನ ಕೊನೆಯಲ್ಲಿ. ಸುಮಾರು 4 ಕಿಲೋ ಹಣ್ಣಿಗೆ 1 ಕಿಲೋ ಮನೂಕ. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆಯ ದ್ರಾವಣದಲ್ಲಿ ಅದ್ದಿದ ಹಣ್ಣು ಶೆಡ್ಡಿನ ಜಾಳಿಗೆಯ ಮೇಲೆ ಎರಡು ವಾರದಷ್ಟು ಕಾಲ ಒಣಗಬೇಕು. ಫೆಬ್ರವರಿ, ಮಾರ್ಚ್‌ಗಳ ಒಣಹವೆ ಇದಕ್ಕೆ ಹೇಳಿಮಾಡಿಸಿದ್ದು. ಕೊಯ್ಲು ಏಪ್ರಿಲಿಗೆ ಸರಿದರೆ ಅಕಾಲಿಕ ಮಳೆಗೆ ಮಾಲು ಕಪ್ಪಾಗುವ ಸಂಭವವುಂಟು. ಮುಂದಿನ ಕಡ್ಡಿ ಚಾಟಣಿಯೂ ಹಿಂದೆ ಬೀಳುತ್ತದೆ.

ಆದರೂ ಗೊಬ್ಬರ, ಔಷಧಗಳ ಉದ್ರಿಗೆ ಮಾರ್ಚ್ 31ರ ವಾಯಿದೆ ಬರೆಯುವ ಪದ್ಧತಿ ಅಂಗಡಿಗಳಲ್ಲಿ ಇದ್ದೇ ಇದೆ. ಅಕ್ಟೋಬರ್ ಮೊದಲ ವಾರದ ತೋಟಕ್ಕೂ ನವೆಂಬರಿನ ತೋಟಕ್ಕೂ ಒಂದೇ ವಾಯಿದೆ ಕೊಡುವುದು ವ್ಯಾಪಾರದ ದೃಷ್ಟಿಯಿಂದ ಜಾಣತನವಲ್ಲ. ಗಿರಾಕಿಯ ಖಾತೆಯಲ್ಲಿ ಚಾಟಣಿಯ ದಿನ ಮತ್ತು ಕಣ್ಣು ಒಡೆದ ದಿನ, ಈ ಎರಡನ್ನು ಬರೆದಿಟ್ಟುಕೊಂಡರೆ ವಸೂಲಿಯ ತಿಂಗಳನ್ನು ಡಿಸೆಂಬರಿನಲ್ಲಿಯೇ ಅಂದಾಜಿಸಬಹುದು. ಶೀತಲಗೃಹದಲ್ಲಿ ಎಷ್ಟು ಜಾಗ ಕಾದಿರಿಸಬೇಕೆಂಬುದೂ ಆಗಲೇ ತಿಳಿಯುತ್ತದೆ.