ನಡೆದುಕೊಳ್ಳುವುದು ಮತ್ತು ನಂಬುವುದು: ಮಾಗಡಿ ಸೀಮೆಯ ಗ್ರಾಮದೈವಾರಾಧನೆ ಹಾಗೂ ವಿಚಾರವಾದದ ಮುಖಾಮುಖಿ

ಆಸ್ತಿಕ, ನಾಸ್ತಿಕ ಎಂಬ ಪದಜೋಡಿ ಕನ್ನಡದ ಶಿಷ್ಟ ಬರವಣಿಗೆಯಲ್ಲಿ ಎಷ್ಟು ಬಳಕೆಯಾಗಿದೆಯೋ ಹಳ್ಳಿಯ ಮಾತಿನಲ್ಲಿ ಅಷ್ಟೇ ಅಪರೂಪವಾದುದು. ಶಾಸ್ತ್ರಗ್ರಂಥಗಳಲ್ಲಿಯೂ ನಾಸ್ತಿಕನೆಂದರೆ ಮುಖ್ಯವಾಗಿ ವೇದಪ್ರಾಮಾಣ್ಯವನ್ನು ಒಪ್ಪದವನು. ಜೈನರೂ ಬೌದ್ಧರೂ ಚಾರ್ವಾಕರೂ ಆ ಅರ್ಥದಲ್ಲಿ ಒಂದೇ ಸಾಲಿಗೆ ಸೇರಿದ್ದರು. ದೇವರ ಅಸ್ತಿತ್ವವನ್ನು ಅಲ್ಲಗಳೆಯುವವನೇ ನಾಸ್ತಿಕ ಎಂಬ ಇಂದಿನ ಅರ್ಥ ಗಟ್ಟಿಗೊಂಡದ್ದು ಬಹುಮಟ್ಟಿಗೆ ಆಧುನಿಕ ಕಾಲದಲ್ಲಿ. ಮಾಗಡಿ, ರಾಮನಗರ, ಕನಕಪುರ, ಚನ್ನಪಟ್ಟಣ ಸೀಮೆಯ ಆಡುಮಾತಿನಲ್ಲಿ ಇದಕ್ಕೆ ಹತ್ತಿರವಾದ ಮಾತೊಂದಿದ್ದರೆ ಅದು ‘ಅವನಿಗೆ ದೇವರು ದಿಂಡರು ಏನೂ ಇಲ್ಲ’ ಎಂಬುದು. ಇದು ಒಬ್ಬನ ತತ್ತ್ವಕ್ಕಿಂತ ಹೆಚ್ಚಾಗಿ ಅವನ ನಡವಳಿಕೆಯನ್ನು ಕುರಿತ ದೂರು ಎಂಬುದನ್ನು ಗಮನಿಸಬೇಕು. ಒಂದು ಮನೆತನಕ್ಕೂ ಅದರ ದೈವಕ್ಕೂ ಇರುವ ಸಂಬಂಧವನ್ನು ಹೇಳುವಾಗಲೂ ಈ ಸೀಮೆಯವರು ‘ನಂಬುತ್ತೇವೆ’ ಎನ್ನುವುದಕ್ಕಿಂತ ‘ನಡ್ಕೋತೀವಿ’ ಎನ್ನುವುದೇ ಹೆಚ್ಚು. ವಿಚಾರವಾದಿಗಳಿಗೂ ಭಕ್ತರಿಗೂ ಕಳೆದ ಅರ್ಧ ಶತಮಾನದಲ್ಲಿ ಕರ್ನಾಟಕದಲ್ಲಿ ನಡೆದಿರುವ ವಾಗ್ವಾದಗಳು ಅನೇಕವೇಳೆ ಗುರಿ ತಪ್ಪಿದ್ದಕ್ಕೆ ಈ ಎರಡು ಕ್ರಿಯಾಪದಗಳ ನಡುವಣ ಅಂತರವೇ ಒಂದು ಮುಖ್ಯ ಕಾರಣವೆಂದು ತೋರುತ್ತದೆ.

ತಿಪ್ಪಸಂದ್ರವು ಮಾಗಡಿ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಬೆಂಗಳೂರಿನ ಪೂರ್ವಭಾಗದ ಹೊಸ ತಿಪ್ಪಸಂದ್ರ ಬೇರೆ, ಇದು ಬೇರೆ. ಹೆಸರಿನ ಉತ್ತರಾರ್ಧವಾದ ‘ಸಂದ್ರ’ವು ‘ಸಮುದ್ರ’ ಎಂಬುದರ ಸವೆದ ರೂಪವಾಗಿದ್ದು, ಕೆರೆಯ ಸುತ್ತ ನೆಲೆಗೊಂಡ ಊರುಗಳಿಗೆ ಹಳೆ ಮೈಸೂರು ಭಾಗದಲ್ಲಿ ಹೇರಳವಾಗಿ ಸೇರಿಕೊಂಡಿದೆ. 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ ಸೇರಿ, 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣವಾದ ಈ ಪ್ರದೇಶ ರಾಗಿ, ಹುರುಳಿ, ಅವರೆಗಳ ಮಳೆಯಾಧಾರಿತ ಬೇಸಾಯದ ನೆಲ. ಒಂದು ಕಡೆ ಸಾವನದುರ್ಗದ ವೀರಭದ್ರ ಮತ್ತು ನರಸಿಂಹ, ಮಾಗಡಿಯ ತಿರುಮಲೆಯ ರಂಗನಾಥ, ಇನ್ನೊಂದು ಕಡೆ ಶಿವಗಂಗೆಯ ಗಂಗಾಧರೇಶ್ವರ. ಇವುಗಳ ನಡುವೆ ಊರೂರಿನ ಮಾರಮ್ಮ, ಬಸವಣ್ಣ, ಮುನೇಶ್ವರ. ಬೆಟ್ಟದ ದೇವರಿಗೆ ವರ್ಷಕ್ಕೊಮ್ಮೆ ಹೋದರೆ ಸಾಕು. ಊರಿನ ದೇವರೊಡನೆ ಮಾತ್ರ ದಿನನಿತ್ಯದ ವ್ಯವಹಾರವುಂಟು.

ವ್ಯವಹಾರ ಎಂಬ ಪದವನ್ನು ಇಲ್ಲಿ ಹಗುರವಾಗಿ ಬಳಸಿಲ್ಲ. ಗ್ರಾಮದೈವದ ಆರಾಧನೆಯಲ್ಲಿ ಪರೀಕ್ಷೆಗೆ ವಿಧಿಬದ್ಧವಾದ ಸ್ಥಾನವಿದೆ. ಹೆಣ್ಣು ಗಂಡಿನ ಸಂಬಂಧವಿರಲಿ, ಕೊಳವೆ ಬಾವಿ ತೆಗೆಸುವುದಿರಲಿ, ದೇವರಲ್ಲಿ ‘ಹೂ ಕೇಳುವ’ ಪದ್ಧತಿಯುಂಟು; ವಿಗ್ರಹಕ್ಕೆ ಅಂಟಿಸಿದ ಹೂ ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ನಿರಾಕರಣೆ. ಯಾರದಾದರೂ ಮೈಮೇಲೆ ದೇವರು ಬಂದಾಗ ಸುತ್ತ ನೆರೆದವರು ಕೂಡಲೇ ಕೈಮುಗಿದು ಶರಣಾಗುವುದಿಲ್ಲ. ಬಂದಿರುವುದು ದೇವರೋ ಗಾಳಿಯೋ ಎಂದು ವಿಚಾರಿಸುತ್ತಾರೆ, ಗುರುತು ಕೇಳುತ್ತಾರೆ, ಉರಿಯುವ ಕರ್ಪೂರವನ್ನು ಅಂಗೈ ಮೇಲಿಡುತ್ತಾರೆ. ಮಂಡ್ಯ, ಚನ್ನಪಟ್ಟಣ, ಮಾಗಡಿ ಕಡೆಗಳಲ್ಲಿ ಪೂಜಾರಿಯ ಆಯ್ಕೆಯಿಂದ ಹಿಡಿದು ಕಳವಿನ ತಗಾದೆಯವರೆಗೆ ದೇವರಿಗೆ ಬಿಟ್ಟ ಬಸವನನ್ನು ಕರೆತಂದು ಪಾದ ಕೇಳುವ ರೂಢಿ ಇಂದಿಗೂ ಬಲವಾಗಿಯೇ ಇದೆ. ಮಳೆ ಬಾರದಿದ್ದರೆ ದೇವರೂ ಶಿಕ್ಷೆಗೆ ಒಳಗಾಗಬೇಕು. ಲಿಂಗ ಮುಳುಗುವವರೆಗೆ ಗರ್ಭಗುಡಿಗೆ ನೀರು ತುಂಬಿಸಿ ಉಸಿರುಗಟ್ಟಿಸುವ ಪದ್ಧತಿ ನಾಡಿನ ಹಲವೆಡೆ ಉಂಟು. ‘ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ’ ಎಂಬ ಗಾದೆ ದೇವರಿಗೂ ಮಧ್ಯವರ್ತಿಗೂ ನಡುವೆ ಗೆರೆ ಎಳೆದ ವಿವೇಕವನ್ನೇ ಹೇಳುತ್ತದೆ. ಸಂಶಯವೆಂಬುದು ಈ ಧರ್ಮಕ್ಕೆ ಹೊರಗಿನದಲ್ಲ.

ಆದರೆ ಈ ಪರೀಕ್ಷೆಗಳಿಗೆ ಒಂದು ಮಿತಿಯಿದೆ. ಅದು ಅತ್ಯಂತ ಸ್ಪಷ್ಟವಾಗಿ ಕಾಣುವುದು ಕೊಂಡದಲ್ಲಿ. ಹಬ್ಬದ ಹಿಂದಿನ ದಿನಗಳಲ್ಲಿ ಒಕ್ಕಲುಗಳಿಂದ ಸೌದೆ ಬರುತ್ತದೆ. ರಾತ್ರಿ ಕೊಂಡಕ್ಕೆ ಬೆಂಕಿಯಿಟ್ಟು, ಬೆಳಗಿನ ಜಾವಕ್ಕೆ ಉರಿಯಡಗಿದ ಮೇಲೆ ಕೆಂಡವನ್ನು ಹರಡಿ ಹದಗೊಳಿಸುತ್ತಾರೆ. ಉಪವಾಸವಿದ್ದು, ಮಿಂದು ಒದ್ದೆ ಬಟ್ಟೆಯಲ್ಲಿ ಬಂದ ಪೂಜಾರಿ ಕಳಸವನ್ನೋ ಕರಗವನ್ನೋ ಹೊತ್ತು ತಮಟೆಯ ಬಡಿತದ ನಡುವೆ ಮೊದಲು ಹಾಯುತ್ತಾನೆ. ಹರಕೆ ಹೊತ್ತವರು ಅನಂತರ. ಕಾಲು ಸುಡದಿದ್ದರೆ ಅದು ತಾಯಿಯ ಮಹಿಮೆ. ಸುಟ್ಟರೆ? ಆಗ ಮಡಿ ಕೆಟ್ಟಿತ್ತು, ಮನೆಯಲ್ಲಿ ಮೈಲಿಗೆಯಿತ್ತು, ಮನಸ್ಸು ಚಂಚಲವಾಗಿತ್ತು ಎಂಬ ಕಾರಣಗಳು ಸಿದ್ಧವಾಗಿರುತ್ತವೆ. ಅಂದರೆ ಪರೀಕ್ಷೆಗೆ ಒಳಗಾಗುವವನು ಮನುಷ್ಯನೇ ಹೊರತು ದೇವರಲ್ಲ. ಯಾವ ಫಲಿತಾಂಶ ಬಂದರೂ ದೇವರು ಸೋಲುವುದಿಲ್ಲ. ವಿಚಾರವಾದಿಗಳು ಈ ತರ್ಕದೋಷವನ್ನು ಎತ್ತಿ ತೋರಿಸಿದ್ದು ಸರಿಯಾಗಿಯೇ ಇದೆ.

ಕಾಲು ಸುಡದಿರುವುದಕ್ಕೆ ಭೌತವಿಜ್ಞಾನದ ವಿವರಣೆ ಸರಳವಾದುದು. ಇದ್ದಲು ಮತ್ತು ಬೂದಿ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತವೆ. ಕೆಂಡದ ಉಷ್ಣತೆ ಎಷ್ಟೇ ಹೆಚ್ಚಿದ್ದರೂ ಅದು ಹಿಡಿದಿಟ್ಟುಕೊಂಡಿರುವ ಶಾಖದ ಮೊತ್ತ ಕಡಿಮೆ. ಪ್ರತಿ ಹೆಜ್ಜೆಯಲ್ಲಿ ಅಂಗಾಲು ಕೆಂಡವನ್ನು ಮುಟ್ಟುವ ಅವಧಿ ಒಂದು ಸೆಕೆಂಡಿಗಿಂತ ಕಡಿಮೆ. ಅದೇ ಉಷ್ಣತೆಯ ಕಬ್ಬಿಣದ ಹಲಗೆಯ ಮೇಲೆ ಯಾವ ಭಕ್ತನೂ ನಡೆಯಲಾರ. 1935ರಲ್ಲಿ ಇಂಗ್ಲೆಂಡಿನ ಸರ‍್ರೆಯಲ್ಲಿ ಹ್ಯಾರಿ ಪ್ರೈಸ್ ಎಂಬ ಸಂಶೋಧಕರು ಕಾಶ್ಮೀರ ಮೂಲದ ಖುದಾ ಬಕ್ಷ್ ಎಂಬವರಿಂದ ಕೆಂಡ ಹಾಯಿಸಿ ನಡೆಸಿದ ಪ್ರಯೋಗಗಳು ಈ ಚರ್ಚೆಗೆ ವೈಜ್ಞಾನಿಕ ದಾಖಲೆಗಳನ್ನು ಒದಗಿಸಿದವು. ಕರ್ನಾಟಕದಲ್ಲಿಯೂ ನರೇಂದ್ರ ನಾಯಕ್, ಹುಲಿಕಲ್ ನಟರಾಜ್ ಮುಂತಾದವರ ಪವಾಡ ಬಯಲು ಕಾರ್ಯಕ್ರಮಗಳು ಇಂಥ ವಿವರಣೆಗಳನ್ನು ಜನರ ಕಣ್ಣೆದುರಿಗೆ ತಂದಿವೆ. ಹಾಗಿದ್ದೂ ಕೊಂಡಗಳು ನಿಲ್ಲಲಿಲ್ಲ. ಇದನ್ನು ಜನರ ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ವಿಚಾರವಾದಿ ಕೇಳುವ ಪ್ರಶ್ನೆ ‘ಕಾಲು ಏಕೆ ಸುಡಲಿಲ್ಲ’ ಎಂಬುದು. ಕೊಂಡ ಹಾಯುವವನ ಪ್ರಶ್ನೆ ‘ಮಗುವಿಗೆ ಸಿಡುಬೋ ಜ್ವರವೋ ಬಂದಾಗ ಹೊತ್ತ ಹರಕೆಯನ್ನು ಯಾವಾಗ ತೀರಿಸುವುದು’ ಎಂಬುದು. ಸಿಡುಬು ಹೋಯಿತು, ಹರಕೆ ಉಳಿಯಿತು. ಮೊದಲನೆಯ ಪ್ರಶ್ನೆಗೆ ದೊರೆತ ಉತ್ತರ ಎರಡನೆಯದನ್ನು ಮುಟ್ಟುವುದೇ ಇಲ್ಲ.

ಶಿವಗಂಗೆಯ ತುಪ್ಪದ ವಿಷಯವೂ ಹೀಗೆಯೇ. ಗಂಗಾಧರೇಶ್ವರ ಲಿಂಗಕ್ಕೆ ಹಚ್ಚಿದ ತುಪ್ಪ ಬೆಣ್ಣೆಯಾಗುತ್ತದೆಂಬ ನಂಬಿಕೆ ಮಾಗಡಿ, ನೆಲಮಂಗಲ ಸೀಮೆಯಲ್ಲಿ ಮನೆಮಾತಾಗಿದೆ. ತುಪ್ಪವನ್ನು ತಣ್ಣೀರಿನೊಡನೆ ಮತ್ತೆ ಮತ್ತೆ ಉಜ್ಜಿದರೆ ಅದು ಬೆಳ್ಳಗಾಗಿ ಬೆಣ್ಣೆಯ ಹದಕ್ಕೆ ಬರುತ್ತದೆಂಬುದನ್ನು ಆಯುರ್ವೇದವೂ ಬಲ್ಲುದು. ಶತಧೌತ ಘೃತವೆಂಬ ಲೇಪ ತಯಾರಾಗುವುದೇ ಹಾಗೆ. ತಂಪಾದ ಶಿಲೆಯ ಮೇಲೆ ನಡೆಯುವುದೂ ಇದೇ ಬಗೆಯ ಕ್ರಿಯೆಯೆಂದು ವಿವರಿಸಬಹುದು. ಇಷ್ಟಕ್ಕೂ ಅದನ್ನು ಪ್ರಸಾದವೆಂದು ಒಯ್ಯುವವರು ಬೆಣ್ಣೆಯ ರಸಾಯನವನ್ನು ಕುರಿತು ವಾದ ಹೂಡಿದವರಲ್ಲ.

ಪವಾಡವೇ ದೈವತ್ವದ ಪ್ರಮಾಣಪತ್ರವಾದಾಗ ಮಾತ್ರ ಸಂಗತಿ ಬೇರೆಯಾಗುತ್ತದೆ. ಕರ್ನಾಟಕದ ವಿಚಾರವಾದಿ ಚಳವಳಿಯ ನಿಜವಾದ ಬಲ ಗೋಚರಿಸಿದ್ದು ಅಲ್ಲಿಯೇ. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರಿಶೀಲನೆಗೆ ಒಳಪಡಬಹುದಾದ ಇತರ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿಯೊಂದನ್ನು ರಚಿಸಿದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಿಂದ ಬಂದು, ಅಮೆರಿಕದ ಓಹಿಯೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಗಾಂಧಿವಾದಿ ಅವರು. ಬೂದಿ, ಉಂಗುರ ಮೊದಲಾದವನ್ನು ಶೂನ್ಯದಿಂದ ಸೃಷ್ಟಿಸುತ್ತಾರೆಂದು ಭಕ್ತರು ನಂಬಿದ್ದ ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ನರಸಿಂಹಯ್ಯನವರು ಮೂರು ಪತ್ರ ಬರೆದರು. ಉತ್ತರ ಬರಲಿಲ್ಲ. ಅದೇ ವರ್ಷದ ಜುಲೈನಲ್ಲಿ ಸಮಿತಿಯವರು ಪಾಂಡವಪುರಕ್ಕೆ ಹೋಗಿ, ಅಂಗೈಯಲ್ಲಿ ವಿಭೂತಿ ಬರಿಸುವನೆಂದು ಹೆಸರಾಗಿದ್ದ ಎಳೆಯ ಬಾಲಕನೊಬ್ಬನ ಪವಾಡವನ್ನು ಕೈಚಳಕವೆಂದು ಬಯಲು ಮಾಡಿದರು. ವೈಜ್ಞಾನಿಕ ಮನೋಭಾವವನ್ನು ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿದ ಸಂವಿಧಾನದ 42ನೆಯ ತಿದ್ದುಪಡಿಯೂ 1976ರದೇ ಎಂಬುದು ಗಮನಾರ್ಹ.

ಮೈಮೇಲೆ ಬಂದ ದೇವರ ಅಂಗೈಗೆ ಕರ್ಪೂರವಿಡುವ ಮಾಗಡಿಯ ಒಕ್ಕಲಿಗೂ ‘ನಿಮ್ಮ ಪವಾಡವನ್ನು ನಮ್ಮೆದುರು ತೋರಿಸಿ’ ಎಂದು ಪತ್ರ ಬರೆದ ಕುಲಪತಿಗೂ ನಡುವೆ ತೋರಿಕೆಗಿಂತ ಹೆಚ್ಚಿನ ಸಾಮ್ಯವಿದೆ. ಇಬ್ಬರೂ ಗುರುತು ಕೇಳಿದವರೇ. ಒಬ್ಬನ ಪರೀಕ್ಷೆ ವಿಧಿಯ ಒಳಗಿನದು, ಇನ್ನೊಬ್ಬರದು ಹೊರಗಿನದು. ಒಳಗಿನ ಪರೀಕ್ಷೆ ದೇವರನ್ನು ಬಿಟ್ಟುಕೊಟ್ಟು ಮಾಧ್ಯಮವನ್ನು ಮಾತ್ರ ಶಂಕಿಸುತ್ತದೆ, ಹೊರಗಿನದು ಅಲ್ಲಿಗೇ ನಿಲ್ಲುವುದಿಲ್ಲ. ಎ.ಎನ್. ಮೂರ್ತಿರಾಯರ ‘ದೇವರು’ (1991) ಕೃತಿ ಕನ್ನಡದಲ್ಲಿ ಆ ಮುಂದಿನ ಹೆಜ್ಜೆಯನ್ನು ಅತ್ಯಂತ ಸೌಜನ್ಯದಿಂದ ಇಟ್ಟ ಪುಸ್ತಕ. ಪರ ವಿರೋಧ ಚರ್ಚೆ ಸಾಕಷ್ಟು ನಡೆದರೂ ಅದು ಬಹುಮಟ್ಟಿಗೆ ಬರವಣಿಗೆಯ ಚೌಕಟ್ಟಿನಲ್ಲಿಯೇ ಉಳಿಯಿತು.

ಎರಡು ದಶಕಗಳ ಬಳಿಕ ಆ ಸೌಜನ್ಯ ಉಳಿದಿರಲಿಲ್ಲ. ಯು.ಆರ್. ಅನಂತಮೂರ್ತಿಯವರು ಬಾಲ್ಯದಲ್ಲಿ ದೈವದ ಕಲ್ಲಿಗೆ ಅಪಚಾರ ಮಾಡಿ, ಏನಾಗುವುದೋ ನೋಡೋಣವೆಂದು ಪರೀಕ್ಷಿಸಿದ ಪ್ರಸಂಗವನ್ನು ಬರೆದಿದ್ದರು. ದೈವಭಯದ ಒಳಗೇ ಬೆಳೆದ ಹುಡುಗನೊಬ್ಬನ ಪರೀಕ್ಷೆ ಅದು. 2014ರ ಜೂನ್‌ನಲ್ಲಿ, ಮೌಢ್ಯ ನಿಷೇಧ ಮಸೂದೆಯ ಚರ್ಚೆ ನಡೆದಿದ್ದ ಸಂದರ್ಭದಲ್ಲಿ, ಬೆಂಗಳೂರಿನ ಸಭೆಯೊಂದರಲ್ಲಿ ಡಾ. ಎಂ.ಎಂ. ಕಲಬುರ್ಗಿಯವರು ಅದನ್ನು ಉಲ್ಲೇಖಿಸಿದಾಗ ಪ್ರತಿಭಟನೆಗಳೂ ದೂರುಗಳೂ ಎದ್ದವು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿ ಅವರು ಗುಂಡಿಗೆ ಬಲಿಯಾದರು. 2019ರಲ್ಲಿ ವಿಶೇಷ ತನಿಖಾ ದಳ ಸಲ್ಲಿಸಿದ ದೋಷಾರೋಪಣ ಪಟ್ಟಿ ಆ ಭಾಷಣವನ್ನೇ ಹತ್ಯೆಯ ಹಿನ್ನೆಲೆಯಾಗಿ ಕಾಣಿಸಿತು. ಶಾಸನ, ವಚನ, ಜಾನಪದ ಮೂರರಲ್ಲಿಯೂ ದುಡಿದಿದ್ದ ವಿದ್ವಾಂಸರೊಬ್ಬರು ಒಂದು ಉಲ್ಲೇಖಕ್ಕಾಗಿ ಗುರಿಯಾದರೆಂಬ ಆರೋಪ ಸಂಶೋಧನಾ ಕ್ಷೇತ್ರ ಸುಲಭವಾಗಿ ದಾಟಿ ಹೋಗಬಹುದಾದುದಲ್ಲ. ದೇವರನ್ನು ಬೈಯುವ, ನೀರಿನಲ್ಲಿ ಮುಳುಗಿಸುವ, ಪರೀಕ್ಷಿಸುವ ಜನಪದರ ಸಲಿಗೆಗೂ ಭಾವನೆಗೆ ಧಕ್ಕೆಯಾಯಿತೆಂಬ ಹೊಸಕಾಲದ ಕೂಗಿಗೂ ಅಜಗಜಾಂತರವಿದೆ. ಆ ಕೂಗಿನಲ್ಲಿ ‘ನಡೆದುಕೊಳ್ಳುವುದು’ ಹಿಂದೆ ಸರಿದು ‘ನಂಬುವುದು’ ಮಾತ್ರ ಉಳಿದಿರುತ್ತದೆ.

ಹಾಗೆಂದು ಹಳ್ಳಿಯ ಧರ್ಮವನ್ನು ಉದಾರತೆಯ ಮಾದರಿಯೆಂದು ಚಿತ್ರಿಸುವುದು ಜಾನಪದ ವಿದ್ವಾಂಸರ ಹಳೆಯ ಚಾಳಿ, ಅದಕ್ಕೆ ಆಧಾರವಿಲ್ಲ. ಗ್ರಾಮದೈವದ ಮುಂದೆ ‘ನೀನು ನಂಬುತ್ತೀಯಾ’ ಎಂದು ಯಾರೂ ಕೇಳುವುದಿಲ್ಲವೆಂಬುದು ನಿಜ. ‘ವಂತಿಗೆ ಕೊಟ್ಟೆಯಾ’ ಎಂದು ಮಾತ್ರ ಕೇಳಿಯೇ ಕೇಳುತ್ತಾರೆ. ಮನಸ್ಸಿನೊಳಗೆ ಎಷ್ಟು ಸಂಶಯವಿದ್ದರೂ ಚಿಂತೆಯಿಲ್ಲ, ಹಬ್ಬದ ವಂತಿಗೆ ನಿಲ್ಲಿಸಿದವನು ಊರಿಗೆ ಹೊರಗಾಗುತ್ತಾನೆ. ನಗರದ ನಾಸ್ತಿಕನಿಗೆ ವಾದದಲ್ಲಿ ಸೋಲುವ ಭಯವಿದ್ದರೆ ಹಳ್ಳಿಯ ನಾಸ್ತಿಕನಿಗೆ ಕಳೆ ಕೀಳಲು ಆಳು ಸಿಗದ ಭಯ. ಕೊಂಡಕ್ಕೆ ಮೊದಲು ಇಳಿಯುವವರು ಯಾರು, ಸೌದೆ ಹೊರುವವರು ಯಾರು, ತಮಟೆ ಬಡಿದೂ ಗುಡಿಯ ಹೊಸ್ತಿಲ ಹೊರಗೇ ನಿಲ್ಲುವವರು ಯಾರು ಎಂಬುದನ್ನು ಎಷ್ಟೋ ಊರುಗಳಲ್ಲಿ ಜಾತಿಯೇ ನಿರ್ಧರಿಸಿದೆ. ಬಸವನ ತೀರ್ಪಿನಲ್ಲಿಯೂ ಹಗ್ಗ ಹಿಡಿದವನ ಪಾತ್ರವಿಲ್ಲವೆಂದು ಹೇಳುವಂತಿಲ್ಲ. ಈ ಅಂಶಗಳ ಕಡೆಗೆ ಬೆರಳು ತೋರಿದವರು ಜಾನಪದದ ಅಭಿಮಾನಿಗಳಿಗಿಂತ ಹೆಚ್ಚಾಗಿ ವಿಚಾರವಾದಿಗಳೂ ದಲಿತ ಚಳವಳಿಯವರೂ ಎಂಬುದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ಪ್ರತಿಬಂಧ ಹಾಗೂ ನಿರ್ಮೂಲನ ಅಧಿನಿಯಮ 2017ರಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆದು, 2020ರ ಜನವರಿಯಲ್ಲಿ ಜಾರಿಗೆ ಬಂದಿತು. ಅದು ಜಾತ್ರೆ, ಯಾತ್ರೆ, ಪ್ರದಕ್ಷಿಣೆ, ಹರಿಕಥೆ, ಭಜನೆಗಳನ್ನು ಮುಟ್ಟುವುದಿಲ್ಲ; ನಂಬಿಕೆಯನ್ನೂ ಪ್ರಶ್ನಿಸುವುದಿಲ್ಲ. ಕೆಂಡ ಹಾಯುವುದರ ವಿಷಯದಲ್ಲಿಯೂ ಅದರ ಗಮನವಿರುವುದು ಬಲವಂತದ ಮೇಲೆ. ಅಂದರೆ ಕಾನೂನು ಕೂಡ, ಅರಿತೋ ಅರಿಯದೆಯೋ, ನಡವಳಿಕೆಯ ಭಾಷೆಯನ್ನೇ ಆಡುತ್ತಿದೆ. ತೊಡಕಿರುವುದು ಬಲವಂತ ಎಂಬ ಪದದಲ್ಲಿ. ಕೊಂಡದಲ್ಲಿ ಎಡವಿ ಬಿದ್ದು ಸುಟ್ಟುಕೊಂಡವರ ಸುದ್ದಿ ಹಬ್ಬದ ಋತುವಿನಲ್ಲಿ ಪತ್ರಿಕೆಗಳಿಗೆ ಹೊಸದಲ್ಲ. ಬಿದ್ದವರು ಪ್ರಾಯದವರಾದರೆ ಅವರ ಹರಕೆ ಅವರದೆನ್ನಬಹುದು. ಕೂಸನ್ನು ಎದೆಗವಚಿಕೊಂಡು ಕೊಂಡ ಹಾಯುವ ತಂದೆಯ ವಿಷಯದಲ್ಲಿ ಹಾಗೆ ಹೇಳಲಾಗದು. ಹರಕೆ ಹೊತ್ತವಳು ತಾಯಿ, ಹಾಯುವವನು ತಂದೆ, ಹರಕೆ ಮಾತ್ರ ಮಗುವಿನ ಹೆಸರಿನಲ್ಲಿ. ನಂಬುವುದಕ್ಕೂ ನಂಬದಿರುವುದಕ್ಕೂ ಇನ್ನೂ ಬಾರದ ಆ ಕೂಸಿನ ಪರವಾಗಿ ಒಪ್ಪಿಗೆ ಕೊಡಬೇಕಾದವರು ಯಾರೆಂಬುದನ್ನು ಊರಿನ ಕಟ್ಟಳೆಯೂ ಸರ್ಕಾರದ ಅಧಿನಿಯಮವೂ ಇನ್ನೂ ಬಿಡಿಸಿ ಹೇಳಿಲ್ಲ.