ಗುಹ್ಯವ್ರಣಗಳ ನಿದಾನವಿಚಾರ

ಗುಹ್ಯಾಂಗದಲ್ಲಿ ಕಾಣಿಸಿಕೊಳ್ಳುವ ವ್ರಣವೆಲ್ಲವೂ ಸಂಸರ್ಗದಿಂದಲೇ ಬಂದುದೆಂದು ಜನರು ಭಾವಿಸುವುದುಂಟು. ಶಾಸ್ತ್ರವು ಹಾಗೆ ಹೇಳುವುದಿಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದ 12ನೆಯ ಅಧ್ಯಾಯವು ಐದು ವಿಧವಾದ ಉಪದಂಶವನ್ನು ವಿವರಿಸುತ್ತದೆ. 14ನೆಯದು ತೀಕ್ಷ್ಣ ಲೇಪಗಳ ಪ್ರಯೋಗದಿಂದ ಹುಟ್ಟುವ 18 ಶೂಕದೋಷಗಳನ್ನು ಬೇರೆಯಾಗಿ ಎಣಿಸುತ್ತದೆ. ಫಿರಂಗರೋಗವು, ಎಂದರೆ ಸಿಫಿಲಿಸ್, 16ನೆಯ ಶತಮಾನದ ಭಾವಪ್ರಕಾಶದಲ್ಲಿ ಪ್ರತ್ಯೇಕ ವ್ಯಾಧಿಯಾಗಿ ಹೇಳಲ್ಪಟ್ಟಿತು.

ಬೀದರ, ಭಾಲ್ಕಿ, ಔರಾದ ಪ್ರಾಂತದಲ್ಲಿ ಕನ್ನಡದೊಡನೆ ಮರಾಠಿ, ಉರ್ದುಗಳೂ ಬಳಕೆಯಲ್ಲಿವೆ. ಈ ಭಾಷೆಗಳ 'ಗರ್ಮಿ' ಎಂಬ ಶಬ್ದವು ದೇಹದ ಉಷ್ಣಕ್ಕೂ ಸಲ್ಲುತ್ತದೆ, ಸಂಸರ್ಗರೋಗಕ್ಕೂ ಸಲ್ಲುತ್ತದೆ. ರೋಗಿಯ ಮಾತನ್ನೇ ನಿದಾನವೆಂದು ಹಿಡಿದರೆ ಪ್ರಮಾದವು ತಪ್ಪದು. ದರ್ಶನ, ಸ್ಪರ್ಶನ, ಪ್ರಶ್ನಗಳೆಂಬ ಮೂರು ಪರೀಕ್ಷೆಗಳೂ ನಡೆಯಬೇಕು.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಔರಾದ ಕಡೆಯ ಒಬ್ಬ ರೈತನು ಶಿಶ್ನಾಗ್ರದಲ್ಲಿ ದುಂಡಗಿನ ಕೆಂಗಪ್ಪು ಮಚ್ಚೆಯನ್ನು ಹೊತ್ತು ಬೀದರದ ಆಸ್ಪತ್ರೆಗೆ ಬರುತ್ತಾನೆ. ಮನೆಯವರು ಅವನ ನಡತೆಯನ್ನೇ ಶಂಕಿಸಿದ್ದಾರೆ. ಮಚ್ಚೆಯು ಮೂರನೆಯ ಸಲ ಅದೇ ಸ್ಥಳದಲ್ಲಿ ಎದ್ದಿದೆಯೆಂದೂ, ಪ್ರತಿಸಲವೂ ಅಂಗಡಿಯಿಂದ ತಂದ ಮೈನೋವಿನ ಗುಳಿಗೆಯನ್ನು ನುಂಗಿದ ಬಳಿಕವೇ ಎದ್ದಿತೆಂದೂ ಪ್ರಶ್ನದಿಂದ ತಿಳಿಯುತ್ತದೆ. ಇದು ಔಷಧಜನ್ಯವಾದ ಚರ್ಮವಿಕಾರ. ಆ ಗುಳಿಗೆಯನ್ನು ಬಿಡುವುದೇ ಮುಖ್ಯ ಚಿಕಿತ್ಸೆ. ಇಲ್ಲಿ ಸರಿಯಾದ ನಿದಾನವು ರೋಗವನ್ನು ಮಾತ್ರವಲ್ಲ, ಅಪವಾದವನ್ನೂ ಕಳೆಯುತ್ತದೆ.

ಇತರ ಲಕ್ಷಣಗಳನ್ನೂ ವಿವೇಚಿಸಬೇಕು. ಸಿಫಿಲಿಸಿನ ಮೊದಲ ವ್ರಣವು ಸಾಮಾನ್ಯವಾಗಿ ಒಂಟಿ, ಗಟ್ಟಿ, ನೋವಿಲ್ಲದ್ದು. ಸಂಸರ್ಗವಾಗಿ ಸುಮಾರು 3 ವಾರಗಳಿಗೆ ತೋರುತ್ತದೆ. ಮೃದುವಾಗಿ, ನೋಯುತ್ತ, ಹಲವಾಗಿ ಏಳುವುದು ಷಾಂಕ್ರಾಯ್ಡ್. ಗುಂಪುಗುಂಪಾದ ಸಣ್ಣ ನೀರ್ಗುಳ್ಳೆಗಳು ಉರಿಯೊಡನೆ ಮರಳಿ ಮರಳಿ ಬಂದರೆ ಹರ್ಪಿಸ್. ರಾತ್ರಿ ಹೆಚ್ಚುವ ತುರಿಕೆಯಿದ್ದು, ಮನೆಯ ಇತರರಿಗೂ ಅದೇ ಬಾಧೆಯಿದ್ದರೆ ಕಜ್ಜಿಯನ್ನು ಶಂಕಿಸಬೇಕು. ವಾರಗಟ್ಟಲೆ ಮಾಯದ ಹುಣ್ಣಿನಿಂದ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಅದು ಅರ್ಬುದವಾಗಿರಬಹುದು.

ಆದರೆ ಲಕ್ಷಣಗಳು ಒಂದರೊಡನೊಂದು ಬೆರೆಯುವುದುಂಟು. ಸಿಫಿಲಿಸಿನ ವ್ರಣವು ಚಿಕಿತ್ಸೆಯಿಲ್ಲದೆಯೂ ಮಾಯುತ್ತದೆ. ವಿಷವು ಮಾತ್ರ ಒಳಗೆ ಉಳಿಯುತ್ತದೆ. ಆರಂಭದಲ್ಲಿ ರಕ್ತಪರೀಕ್ಷೆಯು ದೋಷವನ್ನು ತೋರದೆ ಇರಬಹುದಾದುದರಿಂದ ಕೆಲವು ವಾರಗಳ ಮೇಲೆ ಮರುಪರೀಕ್ಷೆಯು ಅವಶ್ಯಕ. ರೋಗವು ಸ್ಥಿರಪಟ್ಟರೆ ಪೆನಿಸಿಲಿನ್ ಸಿದ್ಧೌಷಧವು, ಜೊತೆಗಾರರಿಗೂ ಪರೀಕ್ಷೆಯಾಗಬೇಕು.

ಕಾಣದೆಯೇ ಲೇಪವನ್ನು ಕೊಡುವುದೂ, ಕೇಳದೆಯೇ ಕಳಂಕವನ್ನು ಹೊರಿಸುವುದೂ ಒಂದೇ ದೋಷದ ಎರಡು ಮುಖಗಳು. ವೈದ್ಯನು ನ್ಯಾಯಾಧೀಶನಲ್ಲ, ಲಜ್ಜೆಯಿಂದ ಬಾಯಿಕಟ್ಟಿದ ರೋಗಿಯು ನಿಜವನ್ನು ಹೇಳುವಂತೆ ಏಕಾಂತವನ್ನೂ ಅಭಯವನ್ನೂ ನೀಡುವುದೇ ನಿದಾನದ ಪ್ರಥಮ ಸೋಪಾನವು.